ಲಾರಿ ಖಾಲಿಯಾಗುವವರೆಗೆ

ಗೂಳಿಯಂಥ ಗಂಡಸರು ಹೊಟ್ಟೆ ತುಂಬ ರೊಟ್ಟಿ ತಿಂದು ಮಧ್ಯಾಹ್ನ ಮಲಗಿದ್ದಕ್ಕೇ ಸಂಬಳ ಪಡೆಯುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ, ನನ್ನ ಅಜ್ಜಿ ಅವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದಳು. ಆ ಕಾಲ ಬಂದಿದೆ. ಅವರನ್ನು ಮಲಗಿಸುವ ಕೆಲಸ ನನ್ನದು.

ನಾನು ನೀಲಾಂಬಿಕಾ ಹೂಲಿ. 'ಹುಬ್ಬಳ್ಳಿ ಹದ್ದು' ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ನಿದ್ದೆ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಆ ಆಟ ನಮ್ಮ ಕಡೆಗೆ ಬಂದು ಒಂದು ತಲೆಮಾರು ಕಳೆಯಿತು. ಮೊದಮೊದಲು ಜನ ಅದನ್ನು ಹೆಲ್ಮೆಟ್ ಕುಸ್ತಿ ಎಂದು ನಗುತ್ತಿದ್ದರು. ಈಗ ಪಂದ್ಯದ ದಿನ ದುರ್ಗದಬೈಲಿನಲ್ಲಿ ಮಿರ್ಚಿ ಭಜಿ ಸಿಗುವುದಿಲ್ಲ, ಕರಿಯುವವನೂ ಸ್ಟೇಡಿಯಮ್ಮಿನಲ್ಲಿರುತ್ತಾನೆ.

ಪ್ರಯೋಗಾಲಯ ಎಂದ ಕೂಡಲೇ ಗಾಜಿನ ಕೊಳವೆಗಳನ್ನು ಕಲ್ಪಿಸಿಕೊಳ್ಳಬೇಡಿ. ಸ್ಟೇಡಿಯಮ್ಮಿನ ಕೆಳಗೆ ಒಂದು ತಂಪು ಹಾಲ್, ಅದರಲ್ಲಿ ಸಾಲು ಮಂಚಗಳು, ಮೂಲೆಯಲ್ಲಿ ನನ್ನ ಪರದೆ. ಒಬ್ಬೊಬ್ಬ ಆಟಗಾರನಿಗೂ ಒಂದು ಮೆತ್ತನೆಯ ಟೋಪಿ. ಅದರ ಕಂಪನಿ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಹಸುಗೂಸಿಗೆ ಹಾಕುವ ಕುಂಚಿಗೆಯಂತೆ ಕಿವಿ ಮುಚ್ಚುತ್ತದೆಂದು ಎಲ್ಲರೂ ಅದನ್ನು ಕುಂಚಿಗೆ ಎಂದೇ ಕರೆಯುತ್ತಾರೆ.

ಅದರ ವಿದ್ಯೆ ಸರಳ. ಮೈದಾನದಲ್ಲಿ ಅಭ್ಯಾಸ ನಡೆಯುವಾಗ, ಎಸೆಯುವವನ ಕೈಯಿಂದ ಚೆಂಡು ಬಿಟ್ಟ ಕ್ಷಣಕ್ಕೆ ಹಿಡಿಯುವವನ ಹೆಲ್ಮೆಟ್ಟಿನಲ್ಲಿ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಮಧ್ಯಾಹ್ನ ಅವನು ಮಲಗಿದಾಗ, ನಿದ್ದೆ ಹದಕ್ಕೆ ಬಂದದ್ದು ನೋಡಿ ಕುಂಚಿಗೆ ಅದೇ ಟಕ್ಕನ್ನು ಎಚ್ಚರವಾಗದಷ್ಟು ಮೆಲ್ಲಗೆ ಕೇಳಿಸುತ್ತದೆ. ಮಿದುಳು ಮೋಸ ಹೋಗುತ್ತದೆ. ಚೆಂಡು ಬಂತೆಂದು ತಿಳಿದು ಬೆಳಗಿನ ಆಟವನ್ನು ಮತ್ತೆ ಆಡುತ್ತದೆ. ಹೊದಿಕೆಯ ಕೆಳಗೆ ಬೆರಳು ಅಲುಗುತ್ತವೆ, ಕೈಗವುಸಿನ ತಂತಿಗಳು ಅದನ್ನು ನನ್ನ ಪರದೆಗೆ ಹಸಿರು ಚುಕ್ಕೆಗಳಾಗಿ ಕಳಿಸುತ್ತವೆ. ಮುಕ್ಕಾಲು ಗಂಟೆ ಮಲಗಿದವನು ಇಡೀ ದಿನ ಅಭ್ಯಾಸ ಮಾಡಿದವನಂತೆ ಏಳುತ್ತಾನೆ. ಅದಕ್ಕಿಂತ ಹೆಚ್ಚು ಮಲಗಿಸುವಂತಿಲ್ಲ. ನಿದ್ದೆ ಆಳಕ್ಕಿಳಿದರೆ ಕಾಲು ಭಾರವಾಗುತ್ತವೆ, ಸಂಜೆಯ ಓಟ ಕೆಡುತ್ತದೆ.

ಈ ಕುಂಚಿಗೆಯಿಂದ ಎಲ್ಲರಿಗಿಂತ ಹೆಚ್ಚು ಪಡೆದವನು ದಾವಲಸಾಬ ನದಾಫ. ಕಳೆದುಕೊಂಡವನೂ ಅವನೇ.

ದಾವಲ ವೈಡ್ ರಿಸೀವರ್. ಆ ಜಾಗದವನು ಗುಂಪಿನಿಂದ ದೂರ, ಮೈದಾನದ ಅಂಚಿಗೆ ಒಬ್ಬನೇ ನಿಲ್ಲುತ್ತಾನೆ. ಆಟ ಶುರುವಾದೊಡನೆ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನು ತೋರಿಸಿ ಓಡುತ್ತಾನೆ. ಅವನು ತಿರುಗಿ ನೋಡುವ ಮೊದಲೇ ಚೆಂಡು ಗಾಳಿಯಲ್ಲಿರುತ್ತದೆ. ತಿರುಗಿದ ಕ್ಷಣಕ್ಕೆ ಅದು ಕೈಗೆ ಬಂದು ಕೂರಬೇಕು. ಕೇಳುವುದಿಲ್ಲ, ಹೇಳುವುದಿಲ್ಲ, ಬರೀ ನಂಬಿ ಓಡುವ ಕೆಲಸ. ನನಗಂತೂ ಅಂಥ ನಂಬಿಕೆ ಗಂಡನ ಮೇಲೂ ಇರಲಿಲ್ಲ.

ಅವನು ಸಿಕ್ಕಿದ್ದು ಎಪಿಎಂಸಿ ಅಂಗಳದಲ್ಲಿ. ಕೋಚ್ ಗುರುಬಸಪ್ಪ ಇಟಗಿ ತಂಡಕ್ಕೆ ಹಣ್ಣು ಕೊಳ್ಳಲು ಹೋದಾಗ, ಲಾರಿಯಿಂದ ಕಲ್ಲಂಗಡಿ ಇಳಿಸುತ್ತಿದ್ದರು. ಮೇಲೆ ನಿಂತ ಹೆಂಗಸು ಎಸೆಯುತ್ತಿದ್ದಳು, ಕೆಳಗಿದ್ದ ಹುಡುಗ ಪಕ್ಕದವನ ಜೊತೆ ಹರಟುತ್ತಲೇ ಹಿಡಿದು ಮುಂದಕ್ಕೆ ದಾಟಿಸುತ್ತಿದ್ದ. ಕಲ್ಲಂಗಡಿಯನ್ನು ತಡೆಯಲು ಹೋದರೆ ಅದು ಒಡೆಯುತ್ತದೆ. ಅದು ಬಂದ ದಾರಿಯಲ್ಲೇ ಕೈಯೂ ಸ್ವಲ್ಪ ದೂರ ಜೊತೆಗೆ ಹೋಗಬೇಕು. ಅಂಥ ಕೈಗಾಗಿಯೇ ಇಟಗಿಯವರು ಊರೂರು ಅಲೆಯುತ್ತಿದ್ದರು.

"ಈ ಆಟ ಎಲ್ಲಿ ಕಲ್ತಿಯೋ?" ಎಂದು ಕೇಳಿದರಂತೆ.

"ಯಾವ ಆಟರಿ? ಇದು ಕೆಲಸ," ಎಂದನಂತೆ ದಾವಲ.

ಅಲ್ಲಿಂದ ಅವನ ಮೆರವಣಿಗೆ ಹೊರಟಿತು. ಎರಡನೇ ವರ್ಷಕ್ಕೇ ತಂಡದಲ್ಲಿ ಕಾಯಂ. ನಾಲ್ಕನೇ ವರ್ಷ ಲೀಗಿನಲ್ಲಿ ಅವನಷ್ಟು ಚೆಂಡು ಹಿಡಿದವರಿಲ್ಲ. ಹಳೇಹುಬ್ಬಳ್ಳಿಯ ಓಣಿಗಳಲ್ಲಿ ಮಕ್ಕಳು ಬದನೆಕಾಯಿ ಎಸೆದು ಹಿಡಿದು ತಾಯಂದಿರಿಂದ ಬೈಸಿಕೊಂಡರು. ಒಮ್ಮೆ ಕಟಕ್‌ನಲ್ಲಿ ಇಬ್ಬರು ಎದುರಾಳಿಗಳು ಮೈಮೇಲೆ ಬಿದ್ದಾಗಲೂ ಒಂದೇ ಅಂಗೈಯಲ್ಲಿ ಚೆಂಡನ್ನು ಕೂಸಿನಂತೆ ಎತ್ತಿ ಹಿಡಿದಿದ್ದ. ಆ ಚಿತ್ರ ಇಂದಿಗೂ ಸಲೂನುಗಳಲ್ಲಿ ತೂಗುತ್ತಿದೆ. ಆಮೇಲೆ ಮೊಣಕಾಲು ತಕರಾರು ತೆಗೆದವು. ವಯಸ್ಸು ಮೂವತ್ತು ದಾಟಿತು, ಹೊಸ ಹುಡುಗರು ಅವನನ್ನು ಕಾಕಾ ಎನ್ನತೊಡಗಿದರು. ಕಾಲು ಕಳೆದುಕೊಂಡ ಚುರುಕನ್ನು ಕುಂಚಿಗೆ ಅವನ ಕೈಗೆ ಕೊಟ್ಟಿತು. ಹೀಗೆ ಇನ್ನೊಂದೆರಡು ವರ್ಷ ಉಳಿದುಕೊಂಡ.

ಅಷ್ಟರಲ್ಲಿ ಒಂದು ದಿನ ಅವನ ಹೆಂಡತಿ ಜೈತುನಬಿ ಹಾಲ್‌ನ ಬಾಗಿಲಿಗೆ ಬಂದು ನಿಂತಳು. ತಲೆಯ ಮೇಲೆ ಗಂಡನ ಮಂಚಕ್ಕೆಂದು ಸುತ್ತಿ ತಂದ ಹತ್ತಿ ಗಾದಿ, ಕಂಕುಳಲ್ಲಿ ಊಟದ ಡಬ್ಬಿ.

"ಅಕ್ಕಾರ, ನಿಮ್ಮ ಕುಂಚಿಗಿ ನಮ್ಮತ್ತೀನ ಮನಿಬಿಟ್ಟು ಹೊರಗ ಹಾಕೇತಿ," ಎಂದಳು.

ಅವಳ ಅತ್ತೆ ಹುಸೇನಬಿ ಸತ್ತು ಎರಡು ಬೇಸಿಗೆಯಾಗಿತ್ತು. ನಾನು ಏನೂ ತಿಳಿಯದೆ ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ.

"ಸತ್ತ ಮ್ಯಾಲ ಅವ್ವ ಇವರ ಕನಸಿನ್ಯಾಗ ಬರ್ತಿದ್ಲು. ಬಂದಾಗೊಮ್ಮೆ ಗುರುವಾರ ಆಕೀ ಹೆಸರಿಲೆ ಓಣ್ಯಾಗ ಹಣ್ಣ ಹಂಚ್ತಿದ್ವಿ. ಈ ವರ್ಷ ಒಂದ ಗುರುವಾರನೂ ಹಂಚಿಲ್ಲ. ರಾತ್ರಿನೂ ಇವರ ಬೆರಳ ಟಕ್ ಟಕ್ ಅಂತ ಕುಣೀತಾವ. ಅವ್ವಗ ಒಳಗ ಬರಾಕ ಜಾಗಾ ಎಲ್ಲೈತ್ರಿ?"

ನಗು ಬಂತು, ನಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕನಸಿಗೂ ಒಂದು ಅಳತೆಯಿದೆ. ಸಾವಿರ ಚೆಂಡು ತುಂಬಿದರೆ ಉಳಿದದ್ದು ಹೊರಗೆ ನಿಲ್ಲಬೇಕಾಗುತ್ತದೆ. ದಾವಲನನ್ನು ಕರೆದು ಕೇಳಿದೆ. ಅವನು ಗಾದಿಯನ್ನು ಮಂಚಕ್ಕೆ ಹಾಸುತ್ತ, ತಲೆ ಎತ್ತದೆ ಹೇಳಿದ.

"ಕುಂಚಿಗಿ ತಗದ್ರ ತಂಡದಾಗ ಉಳಿಯೂದಿಲ್ಲ. ಹಾಕ್ಕೊಂಡ್ರ ಅವ್ವ ಬರೂದಿಲ್ಲ. ನನಗ ಒಂದ್ಸಲ ಆಕೀನ ನೋಡ್ಬೇಕ್ರಿ ಅಕ್ಕಾರ. ಒಂದ ಕೆಲಸ ಬಾಕಿ ಐತಿ."

ಏನು ಕೆಲಸವೆಂದು ಅವನು ಹೇಳಲಿಲ್ಲ. ಮರುದಿನ ಅವರ ಮನೆಗೆ ಹೋದಾಗ ಜೈತುನಬಿ ಹೇಳಿದಳು.

ಚಿಕ್ಕ ಮನೆ, ಮಹಡಿ ಮೇಲೆ ಮಹಡಿ ಕಟ್ಟುವಷ್ಟು ಹಣವಿದ್ದರೂ ಅಂಗಳದ ಬೇವಿನ ಮರ ಹೋಗುತ್ತದೆಂದು ಕಟ್ಟಿಲ್ಲ. ದಾವಲ ಒಳಗೆ ಪಾತ್ರೆ ತೊಳೆಯುತ್ತಿದ್ದ. ಜೈತುನಬಿ ನನಗೆ ಚಹಾ ಕೊಟ್ಟು ಎದುರಿಗೆ ಕುಳಿತಳು. ಅವಳೂ ಎಪಿಎಂಸಿ ಅಂಗಳದಲ್ಲಿ ಹಣ್ಣು ಇಳಿಸಿದವಳು. ಅಂದು ಇಟಗಿಯವರು ಲಾರಿಯ ಮೇಲೆ ಕಂಡ ಹೆಂಗಸೇ ಅವಳ ಅತ್ತೆ.

ಹಣ್ಣು ಇಳಿಸುವವರಲ್ಲಿ ಒಂದು ಕಟ್ಟಳೆ ಇದೆ. ಕೆಳಗಿದ್ದವರು ಕೈ ಚಾಚಿ "ತಾ" ಎನ್ನುವವರೆಗೆ ಮೇಲಿದ್ದವರು ಹಣ್ಣು ಬಿಡುವುದಿಲ್ಲ. "ತಾ" ಎಂದ ಮೇಲೆ ಮೇಲಿನವರು "ಹಿಡಿ" ಎಂದು ಎಸೆಯುತ್ತಾರೆ. ದಿನವಿಡೀ ಇದೇ ಮಾತು, ತಾ, ಹಿಡಿ, ತಾ, ಹಿಡಿ. ಲಾರಿಯ ಕೊನೆಯ ಹಣ್ಣನ್ನು ಮಾತ್ರ ಎಸೆಯುವಂತಿಲ್ಲ. ಮೇಲಿದ್ದವರು ಅದನ್ನು ಹಿಡಿದುಕೊಂಡು ಇಳಿದು ಬಂದು ಕೈಯಲ್ಲಿ ಕೈಯಿಟ್ಟು ಕೊಡಬೇಕು, ಅಲ್ಲೇ ಒಡೆದು ಎಲ್ಲರೂ ತಿನ್ನಬೇಕು. ಆಮೇಲೆ ಮನೆ.

"ಇವರು ಆಟಕ್ಕ ಹ್ವಾದ ಮ್ಯಾಲ ಇವರ ಜಾಗಾದಾಗ ನಾ ನಿಂತೆ. ಅವ್ವಗ ಎಷ್ಟ ಹೇಳಿದ್ರೂ ಕೆಲಸ ಬಿಡ್ಲಿಲ್ಲ. 'ಅಂವ ಹಿಡೀಲಿ, ನಾ ಇಳಸ್ತೀನಿ' ಅಂತಿದ್ಲು," ಎಂದಳು ಜೈತುನಬಿ. "ಅವತ್ತ ಇವರು ವಿಶಾಖಪಟ್ಟಣದಾಗ ಆಡಾಕ ಹೋಗಿದ್ರು. ಅರ್ಧ ಲಾರಿ ಇಳಿಸಿದ್ವಿ. ನಾ 'ತಾ' ಅಂದೆ. ಹಣ್ಣ ಬರ್ಲಿಲ್ಲ. ಮತ್ತ 'ತಾ' ಅಂದೆ. ತಲಿ ಎತ್ತಿ ನೋಡಿದ್ರ, ಅವ್ವ ಹಣ್ಣ ಎದೀಗವಚಿಕೊಂಡು ಕುಂತಬಿಟ್ಟಿದ್ಲು. ಜೀವ ಹೋಗಿತ್ರಿ. ಕೈ ಮಾತ್ರ ಹಣ್ಣ ಬಿಟ್ಟಿರ್ಲಿಲ್ಲ."

ಚಹಾ ನನ್ನ ಕೈಯಲ್ಲೇ ಆರಿತು. ದಾವಲನ ಕನಸಿಗೆ ಅವಳು ಬಂದಾಗಲೆಲ್ಲ ಲಾರಿಯ ಮೇಲೆ ಹಾಗೇ ಕೂತಿರುತ್ತಿದ್ದಳಂತೆ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಆ ಲಾರಿ ಖಾಲಿ ಮಾಡಿ ತಾಯಿಯನ್ನು ಕೆಳಗಿಳಿಸುವುದು.

ನನಗೆ ಒಂದು ಯೋಚನೆ ಹೊಳೆಯಿತು. ಟಕ್ ಎಂಬುದು ಬರೀ ಸದ್ದು. ಅದರ ಜಾಗದಲ್ಲಿ ಬೇರೆ ಸದ್ದು ಇಟ್ಟರೆ ಮಿದುಳು ಬೇರೆ ಬಾಗಿಲು ತೆರೆದೀತು. ಹುಸೇನಬಿಯ ದನಿ ಎಲ್ಲೂ ಉಳಿದಿರಲಿಲ್ಲ, ಆದರೆ ಅಂಗಳದ ಕೂಗಿಗೆ ಒಂದೇ ಧಾಟಿ. ಜೈತುನಬಿಗೆ ಕೂಗಲು ಹೇಳಿ ರೆಕಾರ್ಡರ್ ಹಿಡಿದೆ. ಅವಳು ಸೆರಗು ಬಿಗಿದು ಎದ್ದು ನಿಂತು, ಎತ್ತರದಿಂದ ಕೂಗುವವಳಂತೆ ಕತ್ತು ಬಗ್ಗಿಸಿ ಕೂಗಿದಳು.

"ಹಿಡೀ..."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ದಾವಲ ಬಾಗಿಲಲ್ಲಿ ನಿಂತಿದ್ದ. ಸಾಬೂನಿನ ನೊರೆ ತೊಟ್ಟಿಕ್ಕುತ್ತಿದ್ದ ಎರಡೂ ಕೈ ಮುಂದಕ್ಕೆ ಚಾಚಿದ್ದವು.

ಮರುದಿನದಿಂದ ಮೈದಾನದಲ್ಲಿ ಅವನ ಹೆಲ್ಮೆಟ್ಟಿಗೆ ಟಕ್ ಬದಲು 'ಹಿಡಿ' ಹೋಗತೊಡಗಿತು. ಮೂರನೇ ದಿನ ಮಧ್ಯಾಹ್ನ, ತಾಯಿ ಹೊಲಿದ ಆ ಗಾದಿಯ ಮೇಲೆ ಅವನು ನಿದ್ದೆಗೆ ಜಾರಿದ. ನಾನು ಮೆಲ್ಲಗೆ 'ಹಿಡಿ' ಕೇಳಿಸಿದೆ. ಪರದೆಯಲ್ಲಿ ಚುಕ್ಕೆಗಳು ಎಂದಿನಂತೆ ಓಡಲಿಲ್ಲ, ಒಂದೊಂದಾಗಿ, ನಿಧಾನವಾಗಿ ಮೂಡಿದವು. ಅವನ ಅಂಗೈಗಳು ಹೊದಿಕೆಯೊಳಗೆ ಅಗಲವಾಗಿ ತೆರೆದಿದ್ದವು. ಪ್ರತಿ ಚುಕ್ಕೆಗೂ ಮುಂಚೆ ತುಟಿ ಅಲುಗುತ್ತಿತ್ತು. ಹಾಲ್‌ನಲ್ಲಿ ಗೊರಕೆ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲೋ ಬಿಸಿಲಿನ ಅಂಗಳವೊಂದರಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಸೊಂಟ ನೇರ ಮಾಡಿಕೊಂಡಳೆಂದು ನನಗೆ ಅನಿಸಿತು. ವಿಜ್ಞಾನ ಓದಿದವಳಿಗೆ ಹಾಗೆಲ್ಲ ಅನಿಸಬಾರದು. ಅನಿಸಿತು.

ಎಚ್ಚರವಾದಾಗ ಅವನ ಕಣ್ಣು ತುಂಬಿದ್ದವು.

"ಬಂದಿದ್ಲು. ಎದ್ದ ನಿಂತಾಳ್ರಿ. ಒಂದ ಸಾಲು ಹಣ್ಣ ಇಳಿಸಿದ್ವಿ."

ಕನಸಿಗೆ ಧಾರಾವಾಹಿ ಇರುವುದಿಲ್ಲ, ನಾಳೆ ಮತ್ತೆ ಮೊದಲಿಂದ ಶುರುವಾಗುತ್ತದೆ ಎಂದು ನಾನು ಬುದ್ಧಿ ಹೇಳಿದೆ. ಆದರೆ ಪರದೆ ನನ್ನ ಮಾತು ಕೇಳಲಿಲ್ಲ. ಲಾರಿ ತುಂಬಿದ್ದಾಗ ಎಸೆಯುವವರು ಎತ್ತರದಲ್ಲಿರುತ್ತಾರೆ, ಹಿಡಿಯುವ ಕೈ ತಲೆಯ ಮೇಲಿರುತ್ತದೆ. ಹಣ್ಣು ಇಳಿದಂತೆ ಅವರೂ ಇಳಿಯುತ್ತಾರೆ, ಕೈ ಎದೆಗೆ ಬರುತ್ತದೆ, ಆಮೇಲೆ ಸೊಂಟಕ್ಕೆ. ದಾವಲನ ಕೈ ದಿನದಿನಕ್ಕೆ ಇಳಿಯುತ್ತಿತ್ತು. ಜೈತುನಬಿ ಗುರುವಾರ ಹಣ್ಣು ಹಂಚಿ ನನಗೂ ಒಂದು ಹೋಳು ತಂದುಕೊಟ್ಟಳು. ನಾವು ಮೂವರೂ ಸುಖವಾಗಿದ್ದೆವು.

ಸೆಮಿಫೈನಲ್‌ನಲ್ಲಿ ಅದಕ್ಕೆ ಕಲ್ಲು ಬಿತ್ತು. ಕ್ವಾರ್ಟರ್‌ಬ್ಯಾಕ್ ಕೊಟ್ರೇಶ ಎಸೆದ ಚೆಂಡು ಅಳೆದಿಟ್ಟಂತೆ ಬಂತು. ದಾವಲ ತಿರುಗಿದ, ಕೈ ಚಾಚಿದ, ತುಟಿ ಅಲುಗಿತು. ಅವನು "ತಾ" ಎನ್ನುವಷ್ಟರಲ್ಲಿ ಚೆಂಡು ಎದೆಗೆ ಬಡಿದು ಹುಲ್ಲಿಗೆ ಬಿತ್ತು. ಮತ್ತೊಮ್ಮೆ ಹಾಗೇ, ಮಗದೊಮ್ಮೆಯೂ ಹಾಗೇ. ಅಂಗಳದಲ್ಲಿ ಕೇಳದೆ ಯಾರೂ ಎಸೆಯುವುದಿಲ್ಲ. ಈ ಆಟದಲ್ಲಿ ಕೇಳಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಕನಸಿನಲ್ಲಿ ತಾಯಿ ಅವನನ್ನು ಮತ್ತೆ ಹಣ್ಣಿನ ಹುಡುಗನನ್ನಾಗಿ ಮಾಡಿದ್ದಳು. ಹೇಗೋ ಕಿಕ್ ಒಂದರ ಪುಣ್ಯದಿಂದ ತಂಡ ಗೆದ್ದಿತು.

ಇಟಗಿಯವರು ಬಿರುಗಾಳಿಯಂತೆ ಹಾಲ್‌ಗೆ ಬಂದರು.

"ನೀಲಾ, ಏನ್ ತುಂಬೀದಿ ಅವನ ತಲ್ಯಾಗ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ದಾವಲನ ಖಾಲಿ ಮಂಚದ ಅಂಚಿಗೆ ಕುಳಿತರು. ಕೆಟ್ಟ ಮನುಷ್ಯರಲ್ಲ, ಅವರ ಮೇಲೂ ಊರಿನ ಭಾರವಿತ್ತು.

"ನನಗೂ ತಾಯಿ ಇದ್ಲವಾ. ಆದ್ರ ಫೈನಲ್ ಬಂದು ಕುಂತೇತಿ. ಟಕ್ ಹಾಕು," ಎಂದು ಹೊರಟುಹೋದರು.

ಟಕ್ ಹಾಕಿದೆ. ಚುಕ್ಕೆಗಳು ಮತ್ತೆ ಓಡಿದವು, ದಾವಲನ ಕೈ ಮತ್ತೆ ಚುರುಕಾಯಿತು, ಅಭ್ಯಾಸದಲ್ಲಿ ಒಂದು ಚೆಂಡೂ ಬೀಳಲಿಲ್ಲ. ಆದರೆ ಊಟದ ಡಬ್ಬಿ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು.

ಫೈನಲ್ ದಿನದ ಮಧ್ಯಾಹ್ನ ಅವನು ನನ್ನ ಪರದೆಯ ಬಳಿಗೆ ಬಂದ. ಜೈತುನಬಿಯೂ ಜೊತೆಗಿದ್ದಳು. ಅದು ಅವನ ಕೊನೆಯ ಪಂದ್ಯ, ಎಲ್ಲರಿಗೂ ಗೊತ್ತಿತ್ತು. ಮರುದಿನ ಅವನ ಕುಂಚಿಗೆಯನ್ನು ಒರೆಸಿ, ಹಳೆಯದನ್ನೆಲ್ಲ ಅಳಿಸಿ, ಹೊಸ ಆಟಗಾರನ ತಲೆಗೆ ಹೊಂದಿಸುವವರಿದ್ದೆವು. ಮೈದಾನದ ಅಭ್ಯಾಸ ನಿಂತ ಮೇಲೆ 'ಹಿಡಿ' ಎಂಬ ಸದ್ದಿಗೂ ಬಲ ಉಳಿಯುವುದಿಲ್ಲ, ಟಕ್ ಮರಳಿದಾಗಿನಿಂದ ಅದು ಆಗಲೇ ಮಸುಕಾಗುತ್ತಿತ್ತು. ಇದೊಂದು ನಿದ್ದೆ ಬಿಟ್ಟರೆ ಇನ್ನೊಂದಿರಲಿಲ್ಲ.

"ಎರಡ ಸಾಲು ಹಣ್ಣ ಉಳದಾವ್ರಿ ಅಕ್ಕಾರ. ಇವತ್ತೊಂದಿನ ಅವ್ವನ ದನಿ ಹಾಕ್ರಿ. ಮತ್ತ, ಲಾರಿ ಖಾಲಿ ಆಗೂತನಾ ಎಬ್ಬಸಬ್ಯಾಡ್ರಿ."

"ಪಂದ್ಯ ತಪ್ಪೀತು, ದಾವಲ. ಹದಿನಾಲ್ಕು ವರ್ಷ ಇದಕ್ಕ ಓಡೀದಿ."

"ಒಂದ ಪಂದ್ಯಕ್ಕ ಹೋಗಿ ಆಕೀನ ಅಲ್ಲೇ ಮ್ಯಾಲ ಕುಂಡ್ರಿಸಿ ಬಂದೇನ್ರಿ," ಎಂದ. "ಇನ್ನೊಂದ ಪಂದ್ಯಕ್ಕ ಹೆಂಗ ಬಿಟ್ಟ ಹೋಗಲಿ?"

ನಾನು ಟಕ್ ತೆಗೆದು 'ಹಿಡಿ' ಹಾಕಿದೆ.

ಅವನು ಮಲಗಿದ. ಜೈತುನಬಿ ಮಂಚದ ಕಾಲಬಳಿ ನೆಲದ ಮೇಲೆ ಕುಳಿತಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಚುಕ್ಕೆ, ಬಹಳ ಹೊತ್ತಿನ ಮೇಲೆ ಇನ್ನೊಂದು. ಕೈ ಸೊಂಟದ ಎತ್ತರಕ್ಕಿತ್ತು. ಉಳಿದವರು ಎದ್ದು, ಮುಖ ತೊಳೆದು, ಬೂಟು ಕಟ್ಟಿಕೊಂಡು ಹೊರಟರು. ಎಬ್ಬಿಸುವ ಹೊತ್ತು ಬಂತು, ಹೋಯಿತು. ತಲೆಯ ಮೇಲೆ ಸ್ಟೇಡಿಯಂ ತುಂಬುವ ಸದ್ದು ಕೇಳಿಸಿತು. ಸಾವಿರಾರು ಕಾಲುಗಳ ಸದ್ದು ಕೆಳಗಿಳಿಯುವಾಗ ಹತ್ತಿ ಸುತ್ತಿಕೊಂಡು ಬರುವಂತೆ ಮೆತ್ತಗಾಗಿತ್ತು.

ಇಟಗಿಯವರು ಬಾಗಿಲು ಬಡಿದರು. ನಾನು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಎಬ್ಬಸು ನೀಲಾ."

"ಎಬ್ಬಸೂದಿಲ್ಲ ಸರ್. ನಾಳೆ ಬೇಕಾದ್ರ ನನ್ನ ತಗದಹಾಕ್ರಿ."

"ಊರ ಮಂದಿ ಅವನ ಹೆಸರ ಕೂಗಾಕತ್ತೇತಿ!"

"ಅಂವಗ ಇನ್ನೊಬ್ಬರು ಕೂಗಾಕತ್ತಾರ."

ಅವರು ಬಾಗಿಲಿನ ಗಾಜಿನಿಂದ ಒಳಗೆ ನೋಡಿದರು. ಮಂಚದ ಮೇಲೆ ಆ ದೊಡ್ಡ ದೇಹ ಕೂಸಿನಂತೆ ಮಲಗಿತ್ತು, ಕೈಗಳು ಮೆಲ್ಲಗೆ ಏನನ್ನೋ ಪಡೆದು ಪಕ್ಕಕ್ಕೆ ದಾಟಿಸುತ್ತಿದ್ದವು. ಇಟಗಿಯವರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಹೋದರು.

ನಾನು ಒಳಗೆ ಬಂದಾಗ ಚುಕ್ಕೆಗಳು ನಿಂತಿದ್ದವು. ಜೈತುನಬಿ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ದಾವಲನ ಎರಡೂ ಅಂಗೈ ಎದೆಯ ಹತ್ತಿರ ಬಂದವು. ಈ ಸಲ ಅವು ಹಿಡಿಯುವ ಕೈಯಂತಿರಲಿಲ್ಲ, ಯಾರೋ ಹತ್ತಿರ ಬಂದು ಇಟ್ಟದ್ದನ್ನು ಪಡೆಯುವ ಕೈಯಂತಿದ್ದವು. 'ಹಿಡಿ' ಕೇಳಿಸುವುದನ್ನು ನಾನೇ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅವನ ದವಡೆ ಅಲುಗಿತು. ನಿಧಾನವಾಗಿ, ಸಮಾಧಾನದಿಂದ ಏನನ್ನೋ ಜಗಿಯುತ್ತಿದ್ದ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ತಾನಾಗಿಯೇ ಎಚ್ಚರವಾದ. ಹಣ್ಣಿನ ರಸ ಇಳಿದಿದೆಯೆಂಬಂತೆ ಗಲ್ಲವನ್ನು ಮುಂಗೈಯಿಂದ ಒರೆಸಿಕೊಂಡು, ಒಣಗಿದ್ದ ಕೈಯನ್ನು ನೋಡಿ ನಕ್ಕ.

"ಎಷ್ಟನೇ ಕ್ವಾರ್ಟರ್ರಿ?" ಎಂದು ಕೇಳಿದ.

ನಾಲ್ಕನೆಯದು, ಅಂದರೆ ಕೊನೆಯದು, ಶುರುವಾಗಿತ್ತು. ಅವನು ಮೈದಾನಕ್ಕೆ ಕಾಲಿಟ್ಟಾಗ ಎದ್ದ ಗದ್ದಲಕ್ಕೆ ಕಂಬದ ದೀಪಗಳೇ ನಡುಗಿದಂತಾಯಿತು. ಅವನ ಕಾಲು ಭಾರವಾಗಿದ್ದವು, ಅದು ನನಗೆ ದೂರದಿಂದಲೇ ಕಾಣುತ್ತಿತ್ತು. ನಾವು ಹಿಂದಿದ್ದೆವು. ಕೊನೆಯ ಎಸೆತಕ್ಕೆ ಅವನು ಅಂಚಿನಿಂದ ಓಡಿದ. ಅದು ಅವನ ಹಳೆಯ ಓಟವಲ್ಲ, ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವನ ಓಟ. ಕೊಟ್ರೇಶ ಎಸೆದ. ದಾವಲ ತಿರುಗಿದ. ತುಟಿ ಅಲುಗಲಿಲ್ಲ. ಕೈ ಚೆಂಡಿನ ಜೊತೆ ಸ್ವಲ್ಪ ದೂರ ಹೋಗಿ, ಅದನ್ನು ಎದೆಗೆ ತಂದುಕೊಂಡಿತು.

ದಾಟಿದರೆ ಗೆಲ್ಲುವ ಗೆರೆಯ ಹತ್ತಿರ, ಇನ್ನೊಂದು ಹೆಜ್ಜೆ ಇರುವಾಗ, ಎದುರಾಳಿ ಹುಡುಗನೊಬ್ಬ ಅವನನ್ನು ಕೆಡವಿದ. ಸೀಟಿ ಮೊಳಗಿತು. ಸೋತೆವು.

ಗೆದ್ದ ಖುಷಿಗೋ ಸೋತ ಸಿಟ್ಟಿಗೋ ಚೆಂಡನ್ನು ನೆಲಕ್ಕೆ ಅಪ್ಪಳಿಸುವುದು ಈ ಆಟದ ರೂಢಿ. ದಾವಲ ಎದ್ದ. ಚೆಂಡನ್ನು ಎಸೆಯಲಿಲ್ಲ. ತನ್ನನ್ನು ಕೆಡವಿದ ಹುಡುಗನ ಬಳಿಗೆ ಕುಂಟುತ್ತ ನಡೆದು ಹೋಗಿ, ಅವನ ಎರಡೂ ಕೈ ಬಿಡಿಸಿ, ಅದನ್ನು ಅಂಗೈಯಲ್ಲಿಟ್ಟ. ಹುಡುಗ ಬೆಪ್ಪಾಗಿ ನಿಂತ. ಸ್ಟೇಡಿಯಮ್ಮಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ಜೈತುನಬಿ ಮಾತ್ರ "ಕಡೇ ಹಣ್ಣ," ಎಂದಳು.

ಇಟಗಿಯವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಒಂದು ತಿಂಗಳು ಮಾತು ಬಿಟ್ಟರು, ಅಷ್ಟೇ. ದಾವಲ ಗಾದಿ ಸುತ್ತಿಕೊಂಡು ಮನೆಗೆ ಹೋದ. ಈಗ ಎಪಿಎಂಸಿ ಹಿಂದಿನ ಬಯಲಿನಲ್ಲಿ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಾನೆ.

ಮೊನ್ನೆ ಗುರುವಾರ ಅವರ ಮನೆಗೆ ಹೋಗಿದ್ದೆ. ಬೇವಿನ ನೆರಳಲ್ಲಿ ಓಣಿಯ ಜನರೆಲ್ಲ ಹಣ್ಣು ತಿನ್ನುತ್ತಿದ್ದರು. ತಾಯಿ ಕನಸಿಗೆ ಬಂದಾಗಲೇ ಅಲ್ಲವೇ ಇವರು ಹಂಚುವುದು ಎಂದು ನೆನಪಾಗಿ, ಖುಷಿಯಿಂದ ಕೇಳಿದೆ.

"ಅವ್ವ ಮತ್ತ ಬಂದಿದ್ಲೇನು ದಾವಲ?"

"ಇಲ್ರಿ ಅಕ್ಕಾರ. ಅವತ್ತಿನಿಂದ ಒಮ್ಮೆನೂ ಬಂದಿಲ್ಲ." ಅವನು ಒಂದು ಹೋಳು ತಂದು ನನ್ನ ಅಂಗೈಯಲ್ಲಿಟ್ಟ. ಮುಖದಲ್ಲಿ ದುಃಖ ಹುಡುಕಿದೆ, ಇರಲಿಲ್ಲ. "ಬರೂದಿಲ್ಲಂತನ ಹಂಚಾಕತ್ತೇನ್ರಿ. ಲಾರಿ ಖಾಲಿ ಆತಲ್ಲ. ಮನೀಗಿ ಹ್ವಾದ್ಲು."